ರೈಲು ಪ್ರಶ್ನೋತ್ತರ: ನಡುದಾರಿಯ ಸ್ಟೇಷನ್ನಿನಲ್ಲಿ ಹತ್ತುವವರಿಗೆ

ಪ್ರಶ್ನೆ: ಬೀರೂರಿನಿಂದ ತಾಳಗುಪ್ಪ ಎಕ್ಸ್‌ಪ್ರೆಸ್‌ಗೆ ತತ್ಕಾಲ್ ಟಿಕೆಟ್ ಬೇಕಿತ್ತು. ಹಿಂದಿನ ದಿನ ಬೆಳಗ್ಗೆ 11ಕ್ಕೆ ಸರಿಯಾಗಿ ಕುಳಿತರೂ ಸೀಟುಗಳು ಆಗಲೇ ಮುಗಿದಿದ್ದವು. ಏಕೆ ಹೀಗೆ?
– ಓದುಗರು, ಬೀರೂರು

ಉತ್ತರ: ಒಂದು ದಿನ ತಡವಾಯಿತು. ರೈಲು ಮೊದಲ ನಿಲ್ದಾಣದಿಂದ ಯಾವ ತಾರೀಖು ಹೊರಡುತ್ತದೋ ಅದರ ಹಿಂದಿನ ದಿನ ತತ್ಕಾಲ್ ತೆರೆಯುತ್ತದೆ. ನೀವು ಹತ್ತುವ ತಾರೀಖು ಅಲ್ಲಿ ಲೆಕ್ಕಕ್ಕಿಲ್ಲ. ನಿಮ್ಮ ತಾಳಗುಪ್ಪ ಗಾಡಿ (16227) ಮೈಸೂರಿನಿಂದ ಸಂಜೆ ಹೊರಟು ಬೀರೂರು ಮುಟ್ಟುವಾಗ ನಡುರಾತ್ರಿ ಕಳೆದಿರುತ್ತದೆ. ಮಂಗಳವಾರ ನಸುಕಿನಲ್ಲಿ ನೀವು ಹತ್ತುವುದು ಸೋಮವಾರದ ಗಾಡಿ. ಅದರ ತತ್ಕಾಲ್ ಭಾನುವಾರವೇ ತೆರೆಯುತ್ತದೆ: ಎ.ಸಿ.ಗೆ 10 ಗಂಟೆಗೆ, ಸ್ಲೀಪರ್‌ಗೆ 11ಕ್ಕೆ.

ಟಿಕೆಟ್ಟಿನ ಮೇಲೆ ಮಾತ್ರ ಮಂಗಳವಾರದ ತಾರೀಖೇ ಇರುತ್ತದೆ. ಅದನ್ನು ನಂಬಿ ಮಂಗಳವಾರ ರಾತ್ರಿ ಊಟ ಮುಗಿಸಿ ಸ್ಟೇಷನ್ನಿಗೆ ಬರುವವರೂ ಇದ್ದಾರೆ. ಅಷ್ಟು ಹೊತ್ತಿಗೆ ಅವರ ಗಾಡಿ ಹೋಗಿ ಇಡೀ ಹಗಲು ಕಳೆದಿರುತ್ತದೆ, ಹಣವೂ ವಾಪಸ್ ಬರುವುದಿಲ್ಲ. ರಾತ್ರಿ 12ರ ನಂತರದ ಗಾಡಿಯಾದರೆ ಟಿಕೆಟ್ಟಿನ ತಾರೀಖಿನ ಹಿಂದಿನ ರಾತ್ರಿಯೇ ಮನೆ ಬಿಡಬೇಕು.

ಪ್ರಶ್ನೆ: ನಮ್ಮ ಸ್ಟೇಷನ್ನಿನಿಂದ ಬುಕ್ ಮಾಡಿದರೆ ಯಾವಾಗಲೂ ಪಿಕ್ಯುಡಬ್ಲ್ಯುಎಲ್. ವೇಟಿಂಗ್ ಸಂಖ್ಯೆ ಚಿಕ್ಕದಿದ್ದರೂ ಕನ್ಫರ್ಮ್ ಆಗುವುದಿಲ್ಲವಲ್ಲ?
– ಓದುಗರು, ಕಡೂರು

ಉತ್ತರ: ಅದು ಹಲವು ಸಣ್ಣ ಸ್ಟೇಷನ್ನುಗಳಿಗೆ ಸೇರಿಸಿ ಕೊಟ್ಟ ಒಂದೇ ಕೋಟಾದ ವೇಟಿಂಗ್ ಪಟ್ಟಿ. ಆ ಕೋಟಾದಲ್ಲಿರುವ ಬರ್ತುಗಳೇ ಕಡಿಮೆ, ರದ್ದಾಗುವ ಟಿಕೆಟ್ಟುಗಳೂ ಕಡಿಮೆ. ಹಾಗಾಗಿ 6ನೇ ಸಂಖ್ಯೆಯೂ ಅಲ್ಲೇ ನಿಂತುಬಿಡಬಹುದು. ಮೂಲ ನಿಲ್ದಾಣದ ಸಾಮಾನ್ಯ ವೇಟಿಂಗ್ ಪಟ್ಟಿಯಲ್ಲಿ (ಜಿಎನ್‌ಡಬ್ಲ್ಯುಎಲ್) ಅದಕ್ಕಿಂತ ದೊಡ್ಡ ಸಂಖ್ಯೆಗೂ ಬರ್ತ್ ಸಿಗುವುದುಂಟು.

ಆದ್ದರಿಂದ ರೈಲು ಹೊರಡುವ ಊರಿನಿಂದಲೇ ಟಿಕೆಟ್ ತೆಗೆದು, ಬುಕ್ ಮಾಡುವಾಗಲೇ ಬೋರ್ಡಿಂಗ್ ಸ್ಟೇಷನ್ ಎಂದು ನಿಮ್ಮೂರನ್ನು ಆರಿಸಿ. ದರ ಪೂರ್ತಿ ದೂರಕ್ಕೆ ಬೀಳುತ್ತದೆ, ನಿಜ. ಆದರೆ ದೂರ ಹೆಚ್ಚಿದಂತೆ ಕಿ.ಮೀ. ಲೆಕ್ಕದ ದರ ಇಳಿಯುವುದರಿಂದ ಹೊರೆ ಅಂದುಕೊಂಡಷ್ಟು ಇರುವುದಿಲ್ಲ. ಹಣ ಕಟ್ಟುವ ಮೊದಲು ಯಾವ ಪಟ್ಟಿ ತೋರಿಸುತ್ತಿದೆ ನೋಡಿಕೊಳ್ಳಿ. ಬೋರ್ಡಿಂಗ್ ಬದಲಿಸುವುದನ್ನು ಮಾತ್ರ ಮರೆಯಬೇಡಿ: ಮರೆತರೆ ಟಿಟಿಇ ನಿಮ್ಮನ್ನು ಗೈರುಹಾಜರೆಂದು ಗುರುತಿಸಿ ಬರ್ತನ್ನು ಆರ್‌ಎಸಿಯವರಿಗೆ (ಪೂರ್ತಿ ಬರ್ತ್ ಸಿಗದೆ ಸೀಟು ಹಂಚಿಕೊಂಡವರಿಗೆ) ಕೊಡಬಹುದು.

ಪ್ರಶ್ನೆ: ಶಿವಮೊಗ್ಗ–ತಾಳಗುಪ್ಪ ಮಾರ್ಗದಲ್ಲಿ ಯಾರೂ ಹತ್ತದ, ಇಳಿಯದ ಕಡೆ ರೈಲು ಸುಮ್ಮನೆ ನಿಲ್ಲುತ್ತದೆ. ಆದರೂ ಕೊನೆಯ ಸ್ಟೇಷನ್ನಿಗೆ ಹೊತ್ತಿಗೆ ಸರಿಯಾಗಿ ಮುಟ್ಟಿತೆಂದು ತೋರಿಸುತ್ತದೆ. ಹೇಗೆ?
– ಓದುಗರು, ಸಾಗರ

ಉತ್ತರ: ಅದು ಕ್ರಾಸಿಂಗ್, ಅಂದರೆ ಎದುರಿನಿಂದ ಬರುವ ಗಾಡಿಗೆ ದಾರಿ ಬಿಡುವುದು. ನಿಮ್ಮದು ಒಂಟಿ ಹಳಿಯ ಮಾರ್ಗ. ಎರಡು ಸ್ಟೇಷನ್ನುಗಳ ನಡುವಿನ ಬ್ಲಾಕ್ ಸೆಕ್ಷನ್ನಿನಲ್ಲಿ ಎದುರುಬದುರು ಎರಡು ಗಾಡಿ ಇರುವಂತಿಲ್ಲ. ಮೊದಲು ಬಂದ ಗಾಡಿ ಸಾಮಾನ್ಯವಾಗಿ ಸ್ಟೇಷನ್ನಿನ ಪಕ್ಕದ ಹಳಿಗೆ (ಲೂಪ್ ಲೈನ್) ಸರಿಯುತ್ತದೆ. ಹಳಿ ಬದಲಾಗುವ ಅಲ್ಲಿನ ಪಾಯಿಂಟ್ ಮೇಲೆ ವೇಗದ ಮಿತಿ ಸಾಮಾನ್ಯವಾಗಿ ಗಂಟೆಗೆ 30 ಕಿ.ಮೀ., ಕೆಲವೆಡೆ 15 ಮಾತ್ರ. ನಿಲ್ಲುವ ಮೊದಲೇ ನಾಲ್ಕು ನಿಮಿಷ ಹೋದಂತೆನಿಸುವುದು ಅದಕ್ಕೇ. ಎದುರಿನ ಗಾಡಿ ಪೂರ್ತಿ ಬಂತೆಂಬುದನ್ನು ಖಚಿತಪಡಿಸಿಕೊಂಡು (ಕೊನೆಯ ಬೋಗಿಯ ಹಿಂದಿನ ಎಲ್‌ವಿ, ಅಂದರೆ ‘ಲಾಸ್ಟ್ ವೆಹಿಕಲ್’ ಫಲಕ ಇರುವುದು ಇದಕ್ಕೇ), ಮುಂದಿನ ಸ್ಟೇಷನ್ನಿನಿಂದ ಲೈನ್ ಕ್ಲಿಯರ್ (ಗಾಡಿ ಬಿಡಲು ಒಪ್ಪಿಗೆ) ಪಡೆದ ಮೇಲಷ್ಟೇ ನಿಮ್ಮ ಗಾಡಿಗೆ ಸಿಗ್ನಲ್. ಎದುರಿನದು ತಡವಾದರೆ ಆ ತಡ ನಿಮಗೂ ಅಂಟುತ್ತದೆ. ಸ್ಟೇಷನ್ ಮಾಸ್ಟರನ್ನು ಬೈದು ಫಲವಿಲ್ಲ. ಯಾವ ಗಾಡಿ ಮೊದಲು ಎಂದು ತೀರ್ಮಾನಿಸುವುದು ವಿಭಾಗದ ಸೆಕ್ಷನ್ ಕಂಟ್ರೋಲರ್.

ಇನ್ನು ಕೊನೆಯ ಸ್ಟೇಷನ್ನು. ವೇಳಾಪಟ್ಟಿಯಲ್ಲಿ ಅಲ್ಲಿಗೆ ಮುಟ್ಟುವ ಮುಂಚೆ ಬೇಕಾದ್ದಕ್ಕಿಂತ ಹೆಚ್ಚು ಸಮಯ ಇಟ್ಟಿರುತ್ತಾರೆ. ದಾರಿಯಲ್ಲಿ ಕಳೆದುಕೊಂಡದ್ದು ಅಲ್ಲಿ ಮುಚ್ಚಿಹೋಗುತ್ತದೆ, ನಡುವೆ ಇಳಿಯುವವರಿಗೆ ಆ ಲಾಭವಿಲ್ಲ. ಹೀಗಾಗಿ ಆ್ಯಪ್‌ನಲ್ಲಿ ನಿಮ್ಮದೇ ಸ್ಟೇಷನ್ನಿಗೆ ಹಿಂದಿನ ದಿನಗಳಲ್ಲಿ ಎಷ್ಟು ತಡವಾಗಿತ್ತು ಎಂದು ನೋಡಿ.

ಪ್ರಶ್ನೆ: ಪ್ಯಾಸೆಂಜರ್ ಟಿಕೆಟ್ ಇದೆ, ಎಕ್ಸ್‌ಪ್ರೆಸ್ ಮೊದಲು ಬಂತು. ಹತ್ತಬಹುದೆ?
– ಓದುಗರು, ತರೀಕೆರೆ

ಉತ್ತರ: ಬೇಡ. ಸಿಕ್ಕಿಬಿದ್ದರೆ ದರದ ವ್ಯತ್ಯಾಸದ ಜೊತೆ ದಂಡ, ಕನಿಷ್ಠ 250 ರೂ. ಎಕ್ಸ್‌ಪ್ರೆಸ್ ಟಿಕೆಟ್ಟಿನಲ್ಲಿ ಪ್ಯಾಸೆಂಜರ್ ಹತ್ತಲು ಅಡ್ಡಿಯಿಲ್ಲ. ಸಂಖ್ಯೆ 12, 20, 22ರಿಂದ ಶುರುವಾದರೆ ಅದು ಸೂಪರ್‌ಫಾಸ್ಟ್. ಸೆಕೆಂಡ್ ಕ್ಲಾಸಿಗೆ ಇನ್ನೂ 15 ರೂ. ಸೇರುತ್ತದೆ, ಕೌಂಟರಿನಲ್ಲೇ ಹೇಳಿ ಸೇರಿಸಿಕೊಳ್ಳಿ.