ಅಮ್ಮನ ಮಂಡಿ, ಕೈಬೆರಳು ಊದಿಕೊಂಡಿವೆ. ನ್ಯಾನೋ ಜೆಲ್ ಸಾಕಾ, ನ್ಯಾನೋ ಇಂಜೆಕ್ಷನ್ ಕೊಡಿಸಬೇಕಾ?

ಸದ್ಯಕ್ಕೆ ಎರಡೂ ಬೇಡ. ಮೊದಲು ಕಾಯಿಲೆ ಯಾವುದು ಅಂತ ತಿಳ್ಕೊಳ್ಳಿ.

ನಮ್ಮಮ್ಮನಿಗೂ ಹೀಗೇ ಆಗಿತ್ತು. ಬೆಳಿಗ್ಗೆ ಬೆರಳು ಮಡಚೋಕೆ ಆಗ್ತಿರಲಿಲ್ಲ, ಕತ್ತರಿ ಹಿಡಿಯಲಾಗದೆ ಹಾಲಿನ ಪ್ಯಾಕೆಟ್ಟನ್ನು ಹಲ್ಲಿನಲ್ಲಿ ಕಚ್ಚಿ ಹರಿಯುತ್ತಿದ್ದರು. ಹತ್ತು ಗಂಟೆ ಹೊತ್ತಿಗೆ ಸ್ವಲ್ಪ ಸಡಿಲವಾಗುತ್ತಿತ್ತು. ವಯಸ್ಸಾಯ್ತು, ಸವೆತ ಅಂತ ನಾನೇ ತೀರ್ಮಾನ ಮಾಡಿಬಿಟ್ಟೆ. ಡೈಕ್ಲೋಫೆನಾಕ್ ನ್ಯಾನೋ ಜೆಲ್ ತಂದೆ, ಅರಿಶಿನದ ಸಾರದ ನ್ಯಾನೋ ಕರ್ಕ್ಯುಮಿನ್ ಕ್ಯಾಪ್ಸೂಲ್ ತರಿಸಿದೆ. ಜೆಲ್ ಹಚ್ಚಿದರೆ ನೋವು ಕಮ್ಮಿಯಾಗುತ್ತಿತ್ತು. ಅದೇ ಮುಳುವಾಯಿತು.

ಯಾಕೆಂದರೆ ಅದು ಸವೆತವಾಗಿರಲಿಲ್ಲ, ರುಮಟಾಯ್ಡ್ ಸಂಧಿವಾತ. ದೇಹದ ರಕ್ಷಣಾ ವ್ಯವಸ್ಥೆಯೇ ಕೀಲಿನ ಒಳಪದರದ ಮೇಲೆ ದಾಳಿ ಮಾಡುವ ಕಾಯಿಲೆ. ಜೆಲ್ ಎಷ್ಟೇ ನ್ಯಾನೋ ಆಗಿರಲಿ, ಒಳಗಿರುವುದು ಅದೇ ನೋವಿನ ಮದ್ದು. ಸಣ್ಣ ಹನಿಗಳಾಗಿ ಚರ್ಮದೊಳಗೆ ಚೆನ್ನಾಗಿ ಇಳಿಯಲಿ ಅಂತ ಹಾಗೆ ಮಾಡಿರುತ್ತಾರೆ, ಅಷ್ಟೇ. ದಾಳಿ ನಿಲ್ಲಿಸಲ್ಲ. ಈ ಕಾಯಿಲೆಯಲ್ಲಿ ಮೊದಲ ಕೆಲವು ತಿಂಗಳೇ ಮುಖ್ಯ, ಆಗ ಆ ದಾಳಿಯನ್ನೇ ತಡೆಯುವ ಮೆಥೊಟ್ರೆಕ್ಸೇಟ್‌ನಂಥ ಔಷಧಿ ಶುರುವಾದರೆ ಮೂಳೆ ಉಳಿಯುತ್ತೆ. ಆ ತಿಂಗಳುಗಳನ್ನೇ ನಾವು ಜೆಲ್ ಹಚ್ಚುತ್ತಾ ಕಳೆದೆವು. ರುಮಟಾಲಜಿಸ್ಟ್ (ಸಂಧಿವಾತದ ತಜ್ಞರು) ಹತ್ತಿರ ಹೋದಾಗ ಎಕ್ಸ್‌ರೇಯಲ್ಲಿ ಬೆರಳ ಬುಡದ ಮೂಳೆಯ ಅಂಚು ಇಲಿ ಕಡಿದ ಹಾಗಿತ್ತು. ಮಾತ್ರೆಯಿಂದ ಊತ ಇಳಿಯಿತು, ಆದರೆ ಸೊಟ್ಟಗಾದ ಬೆರಳು ನೆಟ್ಟಗಾಗಲಿಲ್ಲ.

ಬೆಳಗಿನ ಬಿಗಿತ ಅರ್ಧ ಗಂಟೆಗಿಂತ ಜಾಸ್ತಿ ಇದೆಯಾ? ಎರಡೂ ಕೈಯ ಬೆರಳ ಬುಡದ ಗಂಟುಗಳು ಊದಿವೆಯಾ? ಹಾಗಿದ್ದರೆ ತಡ ಮಾಡಬೇಡಿ. ಆರ್‌ಎ ಫ್ಯಾಕ್ಟರ್, ಆಂಟಿ-ಸಿಸಿಪಿ ರಕ್ತಪರೀಕ್ಷೆ ಬರೆದುಕೊಡುತ್ತಾರೆ. ಅವು ನೆಗೆಟಿವ್ ಬಂದರೂ ಕಾಯಿಲೆ ಇರಬಹುದು, ಅದಕ್ಕೇ ಡಾಕ್ಟರು ಕೈ ಮುಟ್ಟಿ ನೋಡಲೇಬೇಕು.

ಇನ್ನು ಇಂಜೆಕ್ಷನ್. 2017ರಲ್ಲಿ ಅಮೆರಿಕದಲ್ಲಿ ಜಿಲ್ರೆಟ್ಟಾ ಅನ್ನೋ ಮಂಡಿ ಇಂಜೆಕ್ಷನ್‌ಗೆ ಒಪ್ಪಿಗೆ ಸಿಕ್ಕಿತು. ಅದರಲ್ಲಿ ಟ್ರಯಾಮ್ಸಿನೊಲೋನ್ ಅನ್ನೋ ಸ್ಟೀರಾಯ್ಡನ್ನು ಕರಗುವ ಪಾಲಿಮರ್‌ನ ಪುಟಾಣಿ ಉಂಡೆಗಳಲ್ಲಿ ತುಂಬಿರುತ್ತಾರೆ, ಮಂಡಿಯೊಳಗೆ ನಿಧಾನವಾಗಿ ಬಿಡುಗಡೆಯಾಗುತ್ತೆ. ಆ ಉಂಡೆ ಮೈಕ್ರೋ ಗಾತ್ರದ್ದು, ಅಂದರೆ ನ್ಯಾನೋಗಿಂತ ದೊಡ್ಡದು. ಅದು ಸವೆತದ ಮಂಡಿನೋವಿಗೆ ಮಾತ್ರ, ಮೃದ್ವಸ್ಥಿ (ಕೀಲಿನಲ್ಲಿ ಮೂಳೆ ತುದಿಗಿರುವ ಮೆತ್ತೆ, ಸವೆಯೋದು ಅದೇ) ಬೆಳೆಸಲ್ಲ. ಅದೇ ವರ್ಷ ಜಾಮಾ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ, ಇದೇ ಸ್ಟೀರಾಯ್ಡನ್ನು ಮಾಮೂಲಿ ರೂಪದಲ್ಲಿ 3 ತಿಂಗಳಿಗೊಮ್ಮೆ 2 ವರ್ಷ ಮಂಡಿಗೆ ಚುಚ್ಚಿಸಿಕೊಂಡವರಿಗೆ ಬರೀ ಉಪ್ಪುನೀರು ಚುಚ್ಚಿಸಿಕೊಂಡವರಿಗಿಂತ ಮೃದ್ವಸ್ಥಿ ಜಾಸ್ತಿ ಸವೆದಿತ್ತು. ನೋವಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ.

ನಿಜವಾದ ನ್ಯಾನೋ ಕೆಲಸ ನಡೀತಿದೆ, ನನಗೆ ಅದರ ಮೇಲೆ ಆಸೆಯೂ ಇದೆ. ಮೃದ್ವಸ್ಥಿಗೆ ರಕ್ತನಾಳವಿಲ್ಲ, ಹಾಗಾಗಿ ರಕ್ತದ ಮೂಲಕ ಔಷಧಿ ಸರಿಯಾಗಿ ತಲುಪಲ್ಲ; ಕೀಲಿಗೇ ಚುಚ್ಚಿದರೂ ಬೇಗ ಹೊರಹೋಗುತ್ತೆ. 2018ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು ಧನ ವಿದ್ಯುದಂಶದ ನ್ಯಾನೋ ಕಣಕ್ಕೆ ಐಜಿಎಫ್-1 ಅನ್ನೋ ಬೆಳವಣಿಗೆಯ ಪ್ರೋಟೀನ್ ಜೋಡಿಸಿದರು. ಮೃದ್ವಸ್ಥಿಯಲ್ಲಿ ಋಣ ವಿದ್ಯುದಂಶ ಇರೋದರಿಂದ ಕಣ ಅಲ್ಲೇ ಅಂಟಿಕೊಂಡು ಒಳಗಿಳಿಯಿತು. ಆದರೆ ಅದು ಇಲಿಗಳ ಮಂಡಿಯಲ್ಲಿ.

ಪರೀಕ್ಷೆಯಲ್ಲಿ ಬರೀ ಸವೆತ ಅಂತ ಬಂದರೆ ಫಿಸಿಯೋ ಹತ್ತಿರ ತೊಡೆ ಸ್ನಾಯುವಿನ ವ್ಯಾಯಾಮ ಕಲಿಸಿ, ತೂಕ ಜಾಸ್ತಿ ಇದ್ದರೆ ಇಳಿಸಿ. 1 ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿ ಮೇಲಿನ ಭಾರ ಸುಮಾರು 4 ಕಿಲೋ ಕಮ್ಮಿ. ಮೆಥೊಟ್ರೆಕ್ಸೇಟ್ ಬರೆದುಕೊಟ್ಟರೆ ಅದು ವಾರಕ್ಕೊಂದೇ ದಿನ, ದಿನಾ ಅಲ್ಲ, ಮಾತ್ರೆ ನೀವೇ ಎತ್ತಿಕೊಡಿ.