ಪ್ರತಿಕ್ರಿಯೆ: ಅಪ್ಪ ಸ್ಟೆಪ್ ಆ್ಯಪ್ ಬಿಟ್ಟುಬಿಟ್ಟರು

ಉಡುಪಿಯಲ್ಲಿರುವ ಅಪ್ಪನ ಫೋನಿಗೆ ಹೆಜ್ಜೆ ಎಣಿಸುವ ಸ್ಟೆಪ್ ಆ್ಯಪ್ ಹಾಕಿಕೊಟ್ಟರೂ ವಾರದಲ್ಲೇ ಬಿಟ್ಟರು, ಏನು ಮಾಡಲಿ ಅಂತ ಕೇಳಿದ್ದೀರಿ. ಮೊದಲು ಆ್ಯಪ್‌ನಲ್ಲಿರುವ ದಿನಕ್ಕೆ 10,000 ಹೆಜ್ಜೆಯ ಗುರಿ ತೆಗೆಯಿರಿ. ಅದೇನು ಡಾಕ್ಟರ್ ಲೆಕ್ಕವಲ್ಲ. 1960ರ ದಶಕದಲ್ಲಿ ಜಪಾನಿನಲ್ಲಿ ಹೆಜ್ಜೆ ಎಣಿಸುವ ಒಂದು ಸಾಧನ ಮಾರುವಾಗ ಹುಟ್ಟಿಕೊಂಡ ಸಂಖ್ಯೆ. ಈಗ ದಿನಕ್ಕೆ ಎಷ್ಟು ನಡೆಯುತ್ತಾರೆ ಅಂತ ಒಂದು ವಾರ ಸುಮ್ನೆ ನೋಡಿ. ಅದರ ಮೇಲೆ ಐನೂರೋ ಸಾವಿರವೋ ಸೇರಿಸಿ, ಸಾಕು. ನೋಟಿಫಿಕೇಶನ್ ಸಂಜೆ ಒಂದೇ ಇರಲಿ. ದಿನವಿಡೀ ಟಿಣ್ ಟಿಣ್ ಅಂದರೆ ಯಾರಿಗಾದರೂ ಸಿಟ್ಟು ಬರುತ್ತದೆ, ಅಲ್ವಾ? ಫೋನ್ ಮನೆಯಲ್ಲಿಟ್ಟು ತೋಟದಲ್ಲಿ ಓಡಾಡಿದ್ದು ಆ್ಯಪ್‌ಗೆ ಗೊತ್ತಾಗುವುದಿಲ್ಲ, ಲೆಕ್ಕ ಕಡಿಮೆ ತೋರಿಸಿತು ಅಂತ ಅಪ್ಪನಿಗೆ ಬೈಯಬೇಡಿ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಅಜ್ಜರಕಾಡು ಪಾರ್ಕಿಗೆ ಹೋಗುವುದು ಬೇಡ, ಕಾಲು ಜಾರುತ್ತದೆ. ಜಗಲಿಯಲ್ಲೇ ನಡೆಯಲಿ. ಫೋನ್ ಅಂಗಿಯ ಕಿಸೆಯಲ್ಲಿದ್ದರೆ ಅದೂ ಲೆಕ್ಕಕ್ಕೆ ಸಿಗುತ್ತದೆ.