ಎಲೆ ಡಬ್ಬಿಯಲ್ಲಿ ಹನ್ನೊಂದು ಗುಳಿಗೆ

(ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ.)

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಸೊಸೆಯೊಬ್ಬರು ಸಲಹೆ ಕೇಳಿ ನನ್ನ ಬಳಿ ಬಂದಿದ್ದರು. ಕೂತ ಕೂಡಲೇ ಕಣ್ಣೀರು. "ಮೇಡಂ, ಅತ್ತೆ ಗುಳಿಗೆ ನುಂಗುವುದಿಲ್ಲ, ಎಲೆ ಡಬ್ಬಿಯಲ್ಲಿ ಅಡಗಿಸಿಡ್ತಾರೆ. ಬಚ್ಚಲಲ್ಲಿ ಎರಡು ಸಲ ಬಿದ್ದರು. ನಾನು ಸರಿಯಾಗಿ ಮದ್ದು ಕೊಡುವುದಿಲ್ಲ ಅಂತ ನಾದಿನಿ ಫೋನಲ್ಲಿ ಬೈತಾರೆ." ಅತ್ತೆಗೆ 76. ಮರೆವು ಶುರುವಾಗಿದೆ ಎಂದು ಮನೆಯವರೆಲ್ಲ ತೀರ್ಮಾನ ಮಾಡಿ ಆಗಿತ್ತು.

ನನಗೆ ಜಗಳಕ್ಕಿಂತ ಆ ಡಬ್ಬಿಯ ಮೇಲೆ ಕುತೂಹಲ. ಅತ್ತೆಯನ್ನೂ ಮನೆಯಲ್ಲಿರುವ ಅಷ್ಟೂ ಮದ್ದನ್ನೂ ಕರೆತನ್ನಿ ಎಂದೆ. ಕಷಾಯ, ಮುಲಾಮು, ಕೆಮ್ಮಿನ ಸಿರಪ್, ಯಾವುದನ್ನೂ ಬಿಡಬಾರದು.

ಬಟ್ಟೆ ಚೀಲ ತುಂಬ ಬಂತು. ಮೇಜಿನ ಮೇಲೆ ಸುರಿದೆವು. ಮಂಗಳೂರಿನ ಡಾಕ್ಟರು ಬರೆದದ್ದು ಒಂದು ರಾಶಿ. ಊರಿನ ಸರಕಾರಿ ಆರೋಗ್ಯ ಕೇಂದ್ರದಲ್ಲಿ ತಿಂಗಳಿಗೊಮ್ಮೆ ಸಿಗುವುದು ಇನ್ನೊಂದು. ಅದರ ಲಕೋಟೆಯ ಮೇಲೆ ಮಲಯಾಳದಲ್ಲಿ 'ರಾವಿಲೆ', 'ರಾತ್ರಿ'. ಅತ್ತೆಗೆ ಕನ್ನಡ ಬಿಟ್ಟರೆ ಬೇರೆ ಅಕ್ಷರ ಬಾರದು. ಗಂಟುನೋವಿಗೆಂದು ಅಂಗಡಿಯಲ್ಲಿ ಕೇಳಿ ತಂದ ಡೈಕ್ಲೋಫೆನಾಕ್ ಬೇರೆ.

ಸ್ಟ್ರಿಪ್ಪಿನ ಮೇಲೆ ಕಂಪನಿ ಇಟ್ಟ ಹೆಸರು ಒಂದಿರುತ್ತದೆ. ಮದ್ದಿನ ನಿಜ ಹೆಸರೂ ಅದರ ಜೊತೆಗೇ ಇರುತ್ತದೆ. ಆ ನಿಜ ಹೆಸರನ್ನು ಸೊಸೆಯಿಂದಲೇ ಓದಿಸಿದೆ. ಮಂಗಳೂರಿನ ಬಿಪಿ ಗುಳಿಗೆಯಲ್ಲಿ ಟೆಲ್ಮಿಸಾರ್ಟಾನ್ ಜೊತೆ ಅಮ್ಲೋಡಿಪಿನ್ 5 ಮಿಲಿಗ್ರಾಂ. ಲಕೋಟೆಯ ಸಣ್ಣ ಬಿಳಿಯದ್ದೂ ಅಮ್ಲೋಡಿಪಿನ್ 5. ಓದುತ್ತಿದ್ದವರು ನಿಂತರು. "ಎರಡೂ ಒಂದೇನಾ?"

2020ರ ಮಾರ್ಚ್‌ನಲ್ಲಿ, ಕೊರೊನಾ ಕಾಲಕ್ಕೆ, ಕೇರಳ-ಕರ್ನಾಟಕದ ತಲಪಾಡಿ ಗಡಿ ಮುಚ್ಚಿತ್ತಲ್ಲ, ಆಗ ಮಂಗಳೂರಿಗೆ ಹೋಗಲಾಗದೆ ಊರಲ್ಲೇ ಮದ್ದು ಶುರು ಮಾಡಿದ್ದರಂತೆ. ಗಡಿ ತೆರೆದ ಮೇಲೆ ಹಳೆಯದೂ ಮರಳಿ ಬಂತು, ಹೊಸದನ್ನು ಯಾರೂ ನಿಲ್ಲಿಸಲಿಲ್ಲ. ಇಲ್ಲಿನ ಚೀಟಿ ಅಲ್ಲಿ ತೋರಿಸಿಲ್ಲ, ಅಲ್ಲಿನದು ಇಲ್ಲಿ ತೋರಿಸಿಲ್ಲ. ಅಮ್ಲೋಡಿಪಿನ್ ಜಾಸ್ತಿಯಾದರೆ ಕಾಲು ಊದುತ್ತದೆ, ತಲೆ ತಿರುಗುತ್ತದೆ. ಅತ್ತೆಯ ಪಾದದಲ್ಲಿ ಚಪ್ಪಲಿ ಪಟ್ಟಿಯ ಗುರುತು ಗುಳಿ ಬಿದ್ದು ಕೂತಿತ್ತು.

ಅಷ್ಟು ಹೊತ್ತು ಸುಮ್ಮನಿದ್ದ ಅತ್ತೆ ಡಬ್ಬಿ ತೆರೆದರು. ಎಲೆಯಡಿ ಹನ್ನೊಂದು ಗುಳಿಗೆ, ಎಲ್ಲ ಅದೇ ಬಿಳಿ. "ಇದು ತಿಂದ ದಿನ ಎದ್ದರೆ ಲೋಕವೇ ತಿರುಗುತ್ತದೆ ಮಗಳೇ. ಹೇಳಿದರೆ ಯಾರು ಕೇಳ್ತಾರೆ?" ಮರೆವಿನವರು ಸಾಮಾನ್ಯವಾಗಿ ಹೀಗೆ ಒಂದನ್ನೇ ಆರಿಸಿ ತೆಗೆದಿಡುವುದಿಲ್ಲ.

ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್ ಕೂಡ ಇತ್ತು. ಏಕಾದಶಿ ಉಪವಾಸ ಮಾಡ್ತೀರಾ ಎಂದು ಕೇಳಿದೆ. "ಮಾಡ್ತೇನೆ. ಆದರೆ ಗುಳಿಗೆ ತಪ್ಪಿಸುವುದಿಲ್ಲ, ಗುಳಿಗೆ ಊಟ ಅಲ್ಲ ಅಲ್ವಾ?" ಖಾಲಿ ಹೊಟ್ಟೆಗೆ ಆ ಗುಳಿಗೆ ಸಕ್ಕರೆಯನ್ನು ತೀರಾ ಇಳಿಸಿಬಿಡುತ್ತದೆ. ಮೊದಲ ಸಲ ಬಿದ್ದದ್ದು ಏಕಾದಶಿಯ ದಿನವೇ ಎಂದು ಸೊಸೆಗೆ ಆಗ ನೆನಪಾಯಿತು.

ನಾನು ಡಾಕ್ಟರಲ್ಲ. ಹಾಗಾಗಿ ಯಾವುದನ್ನೂ ನೀವಾಗಿ ನಿಲ್ಲಿಸಬೇಡಿ, ಕೆಲವು ಹೃದಯದ ಗುಳಿಗೆಗಳನ್ನು ಥಟ್ಟನೆ ಬಿಟ್ಟರೆ ಅಪಾಯ ಎಂದೆ. ಇದೇ ಚೀಲವನ್ನು ನಾಳೆ ಬೆಳಿಗ್ಗೆಯೇ ಆರೋಗ್ಯ ಕೇಂದ್ರದ ಡಾಕ್ಟರ ಮುಂದೆ ಸುರಿಯಿರಿ. ಬಿಪಿಯನ್ನು ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ನೋಡಲು ಕೇಳಿ. ನಿಂತಾಗ ಮೇಲಿನ ಅಂಕಿ 20ರಷ್ಟು ಇಳಿದರೆ ಅದು ಸಣ್ಣ ವಿಷಯ ಅಲ್ಲ. ನೋವಿನ ಗುಳಿಗೆ ಬಿಪಿ ಮದ್ದಿನ ಜೊತೆ ಸೇರಿ ಕಿಡ್ನಿಗೆ ಪೆಟ್ಟು ಕೊಡಬಹುದು, ಅದನ್ನೂ ಕೇಳಿ. ಸದ್ಯ ಉಪವಾಸ ಬೇಡ. ಬೆವರು, ನಡುಕ ಬಂದರೆ ಎಚ್ಚರವಿರುವಾಗಲೇ ಸಕ್ಕರೆ ನೀರು. ಎದ್ದ ಮೇಲೆ ಮಂಚದ ಅಂಚಿನಲ್ಲಿ ಸ್ವಲ್ಪ ಕೂತು, ಆಮೇಲೆ ಬಚ್ಚಲಿಗೆ.

ಸೊಸೆಗೆ ಬೇರೆಯಾಗಿ ಹೇಳಿದ್ದು ಒಂದೇ: "ನುಂಗಿದಿರಾ" ಎಂದು ಕೇಳುವ ಬದಲು "ನುಂಗಿದ ಮೇಲೆ ಹೇಗಾಯ್ತು" ಎಂದು ಕೇಳಿ.

ಡಾಕ್ಟರು ಒಂದು ಅಮ್ಲೋಡಿಪಿನ್ ನಿಲ್ಲಿಸಿದರು, ಸಕ್ಕರೆ ಗುಳಿಗೆ ಬದಲಿಸಿದರು, ನೋವಿಗೆ ಪ್ಯಾರಸಿಟಮಾಲ್ ಕೊಟ್ಟರು. ಮೂರು ವಾರದಲ್ಲಿ ಊತ ಇಳಿಯಿತು. ಗಂಟುನೋವು ಇದೆ, ಗೊಣಗಾಟವೂ ಇದೆ. ಈಗ ಮೊಮ್ಮಗ ಮಲಯಾಳ ಓದಿ ಹೇಳುತ್ತಾನೆ, ಅಜ್ಜಿ ಕನ್ನಡದಲ್ಲಿ ತಾನೇ ಪಟ್ಟಿ ಬರೆಯುತ್ತಾರೆ. ಅದರ ಫೋಟೋ ನಾದಿನಿಗೂ ಹೋಗಿದೆ. ಉತ್ತರ ಇನ್ನೂ ಬಂದಿಲ್ಲ.